ಬಿಸಿಲು ನೋಡಿ ಕ್ಯಾಮೆರಾ ಎತ್ತಿ: ಮಸ್ಕತ್‌ನಲ್ಲಿ ವಿಮಾನಗಳ ಫೋಟೊ ತೆಗೆಯುವ ಹವ್ಯಾಸ, ಹಂತ ಹಂತವಾಗಿ

ರೂವಿಯಲ್ಲಿ ಬಿಡಾರ ಹೂಡಿರುವ ಕನ್ನಡಿಗರಲ್ಲಿ ಎಷ್ಟೋ ಜನರಿಗೆ, ತಾವು ದಿನವೂ ಓಡಾಡುವ ಆ ಕಣಿವೆಯಲ್ಲೇ ಒಂದು ಕಾಲಕ್ಕೆ ವಿಮಾನಗಳು ಇಳಿಯುತ್ತಿದ್ದವು ಎಂಬುದು ತಿಳಿದಿರುವುದಿಲ್ಲ. ಬೈತ್ ಅಲ್ ಫಲಜ್ ಕೋಟೆಯ ಬಳಿ ಇದ್ದ ಆ ಪುಟ್ಟ ನಿಲ್ದಾಣವನ್ನು ಸುತ್ತಲೂ ಬೋಳು ಗುಡ್ಡಗಳು ಒತ್ತಿಕೊಂಡಿದ್ದವು. ಅಲ್ಲಿ ವಿಮಾನ ಇಳಿಸುವುದು ಪೈಲಟ್‌ಗಳಿಗೆ ಕಠಿಣ ಪರೀಕ್ಷೆ. 1973ರಲ್ಲಿ ಸೀಬ್‌ನ ಸಮತಟ್ಟಾದ ಕರಾವಳಿಯಲ್ಲಿ ಹೊಸ ನಿಲ್ದಾಣ ಬಂತು. 2008ರಲ್ಲಿ ಅದರ ಹೆಸರು ಮಸ್ಕತ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಎಂದಾಯಿತು. ಈಗ ನಾವೆಲ್ಲ ಬಳಸುವ ದೊಡ್ಡ ಟರ್ಮಿನಲ್ ಶುರುವಾದದ್ದು 2018ರ ಮಾರ್ಚ್ 20ರಂದು.

ಗಲ್ಫಿಗೆ ಮೊದಲು ಬಂದ ತಲೆಮಾರಿನವರ ಆಲ್ಬಮ್‌ಗಳಲ್ಲಿ ವಿಮಾನದ ಮುಂದೆ ನಿಂತ ಒಂದಾದರೂ ಫೋಟೊ ಸಿಗಬಹುದು. ಗಲ್ಫ್ ಏರ್ ವಿಮಾನವಾಗಿದ್ದರೆ ಅದರ ಹಿಂಬದಿಯ ನೋಂದಣಿ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ: ‘ಎ4ಒ’ ಎಂದು ಕಂಡರೆ ಆಶ್ಚರ್ಯಪಡಬೇಡಿ. ಬಹ್ರೈನ್, ಕತಾರ್, ಅಬುಧಾಬಿಗಳ ಜೊತೆ ಒಮಾನ್ ಕೂಡ 1974ರಿಂದ ಆ ಕಂಪನಿಯ ಪಾಲುದಾರ. ಹಾಗಾಗಿ ಅದರ ಟ್ರೈಸ್ಟಾರ್, 737ಗಳು ಒಮಾನ್ ನೋಂದಣಿಯಲ್ಲೇ ಹಾರುತ್ತಿದ್ದವು. 2007ರಲ್ಲಿ ಒಮಾನ್ ಪಾಲುದಾರಿಕೆಯಿಂದ ಹೊರಬಂತು. ಯಾರೋ ನೆನಪಿಗೆಂದು ತೆಗೆಸಿಕೊಂಡ ಫೋಟೊ ಇಂದು ದಾಖಲೆ. ವಿಮಾನಗಳ ಫೋಟೊ ತೆಗೆಯುವ ಹವ್ಯಾಸದ ತಿರುಳೂ ಇದೇ. ಯಾವ ವಿಮಾನ, ಯಾವ ಬಣ್ಣದಲ್ಲಿ, ಯಾವತ್ತು, ಎಲ್ಲಿ ಎಂಬುದು ಚಿತ್ರದಲ್ಲಿ ಸ್ವಚ್ಛವಾಗಿ ಕಾಣಬೇಕು.

ಇದಕ್ಕೆ ದುಬಾರಿ ಕ್ಯಾಮೆರಾ ಬೇಕೆಂದು ಹೊಸಬರು ಅಂದುಕೊಳ್ಳುತ್ತಾರೆ. ಒಮಾನ್‌ನಲ್ಲಿ ಚಿತ್ರದ ಹಣೆಬರಹ ಬರೆಯುವುದು ಕ್ಯಾಮೆರಾ ಅಲ್ಲ. ನೀವು ಎಲ್ಲಿ ನಿಂತಿದ್ದೀರಿ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ನೆಲ ಎಷ್ಟು ಕಾದಿದೆ ಎಂಬುದೇ ಅರ್ಧಕ್ಕಿಂತ ಹೆಚ್ಚು ತೀರ್ಮಾನ ಮಾಡುತ್ತದೆ. ಆದ್ದರಿಂದ ಈ ಬರಹದಲ್ಲಿ ಕ್ಯಾಮೆರಾ ಬರುವುದು ಸ್ವಲ್ಪ ತಡವಾಗಿ.

ಹಂತ 1: ಎಲ್ಲಿ ನಿಲ್ಲಬಾರದು ಎಂದು ಮೊದಲು ತಿಳಿಯಿರಿ

ಇಂಗ್ಲೆಂಡ್, ಜರ್ಮನಿ, ಜಪಾನ್‌ಗಳಲ್ಲಿ ವಿಮಾನ ನೋಡುವವರಿಗೆಂದೇ ಕಟ್ಟೆ, ಮೆಟ್ಟಿಲುಗಳಿರುವ ನಿಲ್ದಾಣಗಳಿವೆ. ಕೊಲ್ಲಿ ದೇಶಗಳಲ್ಲಿ ಈ ಹವ್ಯಾಸದ ಪರಿಚಯ ಕಡಿಮೆ, ಅನುಮಾನ ಜಾಸ್ತಿ. 2015ರ ಫೆಬ್ರವರಿಯಲ್ಲಿ ನಮ್ಮ ಗಡಿಯಾಚೆಗೇ ಇರುವ ಫುಜೈರಾ ವಿಮಾನ ನಿಲ್ದಾಣದ ಹತ್ತಿರ ವಿಮಾನಗಳ ನೋಂದಣಿ ಸಂಖ್ಯೆ ಬರೆದುಕೊಳ್ಳುತ್ತಿದ್ದ ಮೂವರು ಬ್ರಿಟಿಷರನ್ನು ಪೊಲೀಸರು ಹಿಡಿದರು. ಅವರು ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದು ಹೊರಬಂದರು. ಅರಬ್ ದೇಶಗಳಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. 2001ರ ನವೆಂಬರ್‌ನಲ್ಲಿ ಗ್ರೀಸ್‌ನ ಕಲಾಮಾಟಾ ವಾಯುನೆಲೆಯಲ್ಲಿ 12 ಬ್ರಿಟಿಷರು, ಇಬ್ಬರು ಡಚ್ಚರು ಇದೇ ಹವ್ಯಾಸದಿಂದಾಗಿ ಬೇಹುಗಾರಿಕೆಯ ಆರೋಪ ಹೊತ್ತರು. ಕೆಳಗಿನ ಕೋರ್ಟು ಅವರನ್ನು ಅಪರಾಧಿಗಳೆಂದಿತು. ಮೇಲ್ಮನವಿಯಲ್ಲಿ ಖುಲಾಸೆಯಾಗುವಷ್ಟರಲ್ಲಿ ವರ್ಷ ಕಳೆದಿತ್ತು.

ಆದ್ದರಿಂದ ಮಸ್ಕತ್‌ನಲ್ಲಿ ಕೆಲವನ್ನು ಕಣ್ಣುಮುಚ್ಚಿ ಪಾಲಿಸಿ. ನಿಲ್ದಾಣದ ಬೇಲಿಯ ಹತ್ತಿರ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಸೇನೆಯ, ಪೊಲೀಸರ, ಅರಮನೆಯ ವಿಮಾನ ಅಥವಾ ಹೆಲಿಕಾಪ್ಟರ್ ಕಂಡರೆ ಕ್ಯಾಮೆರಾ ಕೆಳಗಿಳಿಸಿ. ಸೀಬ್‌ನಲ್ಲಿ ವಾಯುಪಡೆಯ ನೆಲೆಯೂ ಇದೆ, ಸುಲ್ತಾನರ ರಾಯಲ್ ಫ್ಲೈಟ್ ಕೂಡ ಮಸ್ಕತ್‌ನಲ್ಲೇ ಇದೆ ಎಂಬುದು ನೆನಪಿರಲಿ. ಮುಸಂದಮ್‌ಗೆ ಪ್ರವಾಸ ಹೋಗಿ ಖಸಬ್‌ನಲ್ಲಿ ಇಳಿಯುವವರೂ ಅಷ್ಟೇ ಎಚ್ಚರದಿಂದಿರಬೇಕು. ಅದು ವಾಯುನೆಲೆಯ ಜಾಗ. ಭದ್ರತಾ ತಪಾಸಣೆ, ಪಾಸ್‌ಪೋರ್ಟ್ ಕೌಂಟರ್‌ಗಳಲ್ಲಿ ಮೊಬೈಲನ್ನೂ ಎತ್ತಬೇಡಿ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ವಿಮಾನ ಮತ್ತು ಗೋಪುರದ ನಡುವಿನ ಮಾತು ಕೇಳಿಸಿಕೊಳ್ಳುವ ರೇಡಿಯೊ ಯಂತ್ರವನ್ನು ಮನೆಯಿಂದ ಹೊರಗೇ ತರಬೇಡಿ.

ಹಾಗಾದರೆ ಏನು ಉಳಿಯಿತು? ಆಕಾಶ ಉಳಿಯಿತು. ನಿಲ್ದಾಣದ ಪೂರ್ವಕ್ಕೆ ಅಝೈಬಾ, ಘುಬ್ರಾ. ಪಶ್ಚಿಮಕ್ಕೆ ಅಲ್ ಹೈಲ್, ಸೀಬ್. ಈ ಕಡಲತೀರಗಳಲ್ಲಿ ಸಂಜೆ ಜನ ನಡೆದಾಡುತ್ತಾರೆ, ಮಕ್ಕಳು ಫುಟ್‌ಬಾಲ್ ಆಡುತ್ತಾರೆ, ಇಳಿಯಲು ಬರುವ ವಿಮಾನಗಳು ಆಕಾಶದಲ್ಲಿ ಸಾಲಾಗಿ ಕಾಣುತ್ತವೆ. ಬೇಲಿ, ಗೋಪುರ, ಹ್ಯಾಂಗರ್ ಯಾವುದೂ ಚೌಕಟ್ಟಿನಲ್ಲಿ ಬರದ ಜಾಗ ಹುಡುಕಿ. ಅಲ್ಲೂ ಒಂದು ಸೂಕ್ಷ್ಮವಿದೆ. ಶುಕ್ರವಾರ, ಶನಿವಾರ ಕುಟುಂಬಗಳು ತೀರಕ್ಕೆ ಬಂದಿರುತ್ತವೆ. ಮಹಿಳೆಯರ, ಮಕ್ಕಳ ಕಡೆಗೆ ಉದ್ದನೆಯ ಲೆನ್ಸ್ ತಿರುಗಿದರೆ ಜಗಳ ಖಂಡಿತ, ಕಾನೂನೂ ನಿಮ್ಮ ಪರ ಇರುವುದಿಲ್ಲ. ಜನರಿಗೆ ಬೆನ್ನು ಹಾಕಿ, ಬಾನಿಗೆ ಮುಖ ಮಾಡಿ ನಿಲ್ಲಿ.

ಪೊಲೀಸರು ಬಂದು ಕೇಳಿದರೆ ಸಲಾಂ ಹೇಳಿ, ರೆಸಿಡೆಂಟ್ ಕಾರ್ಡ್ ಕೊಡಿ, ತೆಗೆದ ಚಿತ್ರಗಳನ್ನು ತೋರಿಸಿ. ಅಳಿಸಿ ಎಂದರೆ ಅಳಿಸಿ, ಹೋಗಿ ಎಂದರೆ ಹೋಗಿ. ವಾದ ಮಾಡಿ ಉಳಿಸಿಕೊಳ್ಳುವಷ್ಟು ಬೆಲೆಯ ವಿಮಾನದ ಫೋಟೊ ಯಾವುದೂ ಇಲ್ಲ. ಅನುಮಾನವಿದ್ದ ಜಾಗದ ಬಗ್ಗೆ ರಾಯಲ್ ಒಮಾನ್ ಪೊಲೀಸರನ್ನು ಮೊದಲೇ ವಿಚಾರಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಹಂತ 2: ಗಾಳಿ ಎತ್ತ, ಬಿಸಿಲು ಎತ್ತ

ಮಸ್ಕತ್‌ನಲ್ಲಿ ಒಂದಕ್ಕೊಂದು ಸಮಾನಾಂತರವಾದ ಎರಡು ರನ್‌ವೇಗಳಿವೆ. ಅವು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ಒಂದು ತುದಿಯ ಹೆಸರು 08, ಇನ್ನೊಂದರದು 26. ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳ ಕೊನೆಯ ಸೊನ್ನೆ ಬಿಟ್ಟರೆ ಉಳಿಯುವ ಅಂಕಿಗಳಿವು. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ, ಎದುರಾಗಿಯೇ ಏರುತ್ತವೆ. ಪೂರ್ವದಿಂದ ಗಾಳಿ ಬೀಸುತ್ತಿದ್ದರೆ 08 ಬಳಕೆಯಲ್ಲಿರುತ್ತದೆ. ಆಗ ಇಳಿಯುವ ವಿಮಾನಗಳು ಸೀಬ್, ಅಲ್ ಹೈಲ್ ಕಡೆಯಿಂದ ಬರುತ್ತವೆ. ಪಶ್ಚಿಮದ ಗಾಳಿಯಾದರೆ 26. ಆಗ ಘುಬ್ರಾ, ಅಝೈಬಾ ಕಡೆಯಿಂದ. ಕರಾವಳಿಯಾದ್ದರಿಂದ ಹಗಲಿನ ಕಡಲಗಾಳಿ, ರಾತ್ರಿಯ ನೆಲಗಾಳಿಗಳಿಗೆ ತಕ್ಕಂತೆ ಒಂದೇ ದಿನದಲ್ಲಿ ದಿಕ್ಕು ಬದಲಾಗಬಹುದು. ಮನೆ ಬಿಡುವ ಮುನ್ನ ಮೊಬೈಲಿನಲ್ಲಿ ಫ್ಲೈಟ್‌ರಾಡಾರ್24 ತೆರೆದು ಕೊನೆಯದಾಗಿ ಇಳಿದ ವಿಮಾನ ಯಾವ ಕಡೆಯಿಂದ ಬಂತು ಎಂದು ನೋಡಿದರೆ ಸಾಕು. ಹವಾಮಾನ ವರದಿಯನ್ನೇ ಓದುವ ಉತ್ಸಾಹವಿದ್ದವರು ಅದರಲ್ಲಿನ ಸಮಯಕ್ಕೆ 4 ಗಂಟೆ ಸೇರಿಸಿಕೊಳ್ಳಬೇಕು. ಅದು ಗ್ರೀನಿಚ್ ಲೆಕ್ಕದಲ್ಲಿರುತ್ತದೆ.

ಬಿಸಿಲಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವುದು ಮಸ್ಕತ್ ನಗರದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ. ಚಳಿಗಾಲದಲ್ಲಿ ಇಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ, ದಕ್ಷಿಣದ ಬಾನಿನಲ್ಲೇ ಸಾಗಿ, ನೈಋತ್ಯದಲ್ಲಿ ಮುಳುಗುತ್ತಾನೆ. ಅಂದರೆ ದಿನವಿಡೀ ವಿಮಾನದ ದಕ್ಷಿಣ ಮಗ್ಗುಲಿಗೆ ಬೆಳಕು, ಉತ್ತರ ಮಗ್ಗುಲಿಗೆ ನೆರಳು. ಆಗ ನೀವು ವಿಮಾನದ ಹಾದಿಯ ದಕ್ಷಿಣಕ್ಕಿರಬೇಕು. ಸಮುದ್ರದ ಕಡೆ ನಿಂತು ತೆಗೆದರೆ ಕಪ್ಪು ಹೊಟ್ಟೆಯ ಆಕೃತಿ ಮಾತ್ರ ಸಿಗುತ್ತದೆ. ಜೂನ್‌ನಲ್ಲಿ ಇದು ತಲೆಕೆಳಗು. ಬೆಳಿಗ್ಗೆ ಸುಮಾರು 5:20ಕ್ಕೆ ಈಶಾನ್ಯದ ಕಡೆ ವಾಲಿ ಹುಟ್ಟುವ ಸೂರ್ಯ ಮುಂಜಾನೆಯೆಲ್ಲ ಉತ್ತರದ ಮಗ್ಗುಲನ್ನು ಬೆಳಗುತ್ತಾನೆ. ಸಂಜೆಯೂ ವಾಯವ್ಯಕ್ಕೆ ವಾಲಿಯೇ ಮುಳುಗುತ್ತಾನೆ. ಆಗ ಕಡಲತೀರವೇ ಸರಿಯಾದ ಜಾಗ.

ಇಲ್ಲಿ ಒಮಾನ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಉತ್ತರದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ವಿಮಾನದ ಹಿಂದೆ ಹಜರ್ ಪರ್ವತಸಾಲು ಕಾಣುತ್ತದೆ. ಅಂಥ ಹಿನ್ನೆಲೆ ಬೆಂಗಳೂರಿನಲ್ಲೂ ಇಲ್ಲ, ದುಬೈಯಲ್ಲೂ ಇಲ್ಲ. ಆದರೆ ಗಾಳಿ ತಿಳಿಯಾಗಿ ಬೆಟ್ಟದ ಗೆರೆ ಗೆರೆಯೂ ಕಾಣುವ ಚಳಿಗಾಲದಲ್ಲಿ ಬೆಳಕು ಆ ಬೆಟ್ಟದ ಹಿಂದಿನಿಂದಲೇ ಬರುತ್ತದೆ. ಬೆಳಕು ಸರಿಯಾಗುವ ಬೇಸಿಗೆಯಲ್ಲಿ ತೇವ, ಧೂಳು ಸೇರಿ ಬೆಟ್ಟಗಳನ್ನೇ ಮುಚ್ಚಿಬಿಡುತ್ತವೆ. ನನ್ನ ಮಟ್ಟಿಗೆ ಏಪ್ರಿಲ್ ತಿಂಗಳ ಮುಂಜಾನೆಯೇ ಒಳ್ಳೆಯ ರಾಜಿ: ಸೂರ್ಯ ಪೂರ್ವದಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ, ಸೆಕೆ ಇನ್ನೂ ಪೂರ್ತಿ ಏರಿರುವುದಿಲ್ಲ. 08 ಬಳಕೆಯಲ್ಲಿದ್ದರೆ ಮುಂಜಾನೆಯ ಬೆಳಕು ವಿಮಾನದ ಮೂತಿಗೇ ಬೀಳುತ್ತದೆ. ಸಂಜೆಯಾದರೆ 26.

ಹಂತ 3: ಝಳದಿಂದ ತಪ್ಪಿಸಿಕೊಳ್ಳಿ

ಹೊಸಬರ ಚಿತ್ರಗಳು ಮಸುಕಾಗಲು ಲೆನ್ಸ್ ಕಾರಣವೆಂದು ಅಂಗಡಿಯವರು ಹೇಳಬಹುದು. ಅವರಿಗೆ ಇನ್ನೊಂದು ಲೆನ್ಸ್ ಮಾರಬೇಕಿರುತ್ತದೆ. ನಿಜವಾದ ಕಾರಣ ಹೆಚ್ಚಾಗಿ ನೆಲದ ಝಳ. ಕಾದ ಡಾಂಬರು, ಮರಳಿನ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುವಾಗ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ವಿಮಾನದ ಕಿಟಕಿಗಳ ಸಾಲು ಅಂಕುಡೊಂಕಾಗಿ, ಅಕ್ಷರಗಳು ಕರಗಿದಂತೆ ಕಾಣುತ್ತವೆ. ಲೆನ್ಸ್ ಉದ್ದವಾದಷ್ಟೂ ಝಳ ಹೆಚ್ಚು ಕಾಣುತ್ತದೆ. ಯಾವ ಸಾಫ್ಟ್‌ವೇರೂ ಇದನ್ನು ಸರಿಮಾಡಲಾರದು.

ಒಮಾನ್‌ನ ನೆಲ ಎಷ್ಟು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ ಎನ್ನಲು ಮಸ್ಕತ್‌ನ ಆಗ್ನೇಯಕ್ಕಿರುವ ಕುರಿಯಾತ್‌ನ ಉದಾಹರಣೆ ಸಾಕು. 2018ರ ಜೂನ್ 26ರಂದು ಅಲ್ಲಿ ಇಡೀ ದಿನದ ಅತಿ ಕಡಿಮೆ ಉಷ್ಣಾಂಶವೇ 42.6 ಡಿಗ್ರಿ ಸೆಲ್ಸಿಯಸ್ ಇತ್ತು. ಇಂಥ ಕಾಲದಲ್ಲಿ ನೆಲದ ಮೇಲಿನ ವಿಮಾನವನ್ನು ದೂರದಿಂದ ತೆಗೆಯುವ ಆಸೆ ಬಿಡಿ. ಮೂರು ದಾರಿಗಳಿವೆ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯಲ್ಲಿ ತೆಗೆಯಿರಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೆಚ್ಚು ಓಡಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮಗೆ ಹತ್ತಿರವಾಗಿ ಮೇಲೆ ಹಾದುಹೋಗುವ ವಿಮಾನವನ್ನೇ ಆರಿಸಿಕೊಳ್ಳಿ. ಕಾನೂನು ನಮ್ಮನ್ನು ಬೇಲಿಯಿಂದ ದೂರ ತಳ್ಳಿ ಬಾನಿನತ್ತ ನೋಡಿಸಿತಲ್ಲ, ಝಳವೂ ಹೇಳುವುದು ಅದನ್ನೇ.

ಬೇಸಿಗೆಗೆ ಒಂದು ಸಮಾಧಾನವಿದೆ. ತೇವ ತುಂಬಿದ ಮುಂಜಾನೆಯಲ್ಲಿ ಇಳಿಯುವ ವಿಮಾನದ ರೆಕ್ಕೆಯ ಫ್ಲ್ಯಾಪ್ ತುದಿಗಳಿಂದ ಬಿಳಿ ಆವಿಯ ಎಳೆ ಹೊರಡುವುದು ಕಾಣಿಸಬಹುದು. ಆದರೆ ಎಸಿ ಕೋಣೆಯಿಂದ ಹೊರತಂದ ಕ್ಯಾಮೆರಾದ ಗಾಜು ಆ ತೇವಕ್ಕೆ ಕ್ಷಣದಲ್ಲಿ ಮಂಜುಗಟ್ಟುತ್ತದೆ. ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಒರೆಸುತ್ತ ಕೂತರೆ ಮತ್ತೆ ಮತ್ತೆ ಕಟ್ಟುತ್ತದೆ.

ಹಂತ 4: ಸಲಕರಣೆ

ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಅದೇ ಸಾಕು. 70–300 ಮಿ.ಮೀ. ಲೆನ್ಸ್ ಶುರುವಿಗೆ ಚೆನ್ನ. ಮುಂದೆ ಬೇಕೆನಿಸಿದರೆ 100–400. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಲೆನ್ಸಿನೊಳಗೆ ಬೂಸ್ಟು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಈ ಕರಾವಳಿಯೂ ನಮ್ಮ ಮಂಗಳೂರಿನ ಹಾಗೆ ಉಪ್ಪುಗಾಳಿಯದು. ಟ್ರೈಪಾಡ್ ಬೇಡ, ಹಾರುವುದನ್ನು ಹಿಂಬಾಲಿಸಲು ಅದು ಅಡ್ಡಿ, ಜನರ ಕಣ್ಣಿಗೂ ಬೀಳುತ್ತದೆ. ಮೊಬೈಲ್ ಮಾತ್ರ ಇದ್ದವರು ದೂರದ ವಿಮಾನವನ್ನು ಎಳೆದು ದೊಡ್ಡದು ಮಾಡುವ ಬದಲು ಕಡಲು, ಮೋಡ, ಮಸೀದಿಯ ಮಿನಾರಿನ ಜೊತೆಗೆ ಸಣ್ಣದಾಗಿ ಬರುವಂತೆ ತೆಗೆಯಲಿ. ನೀರು, ಟೋಪಿ, ಲೆನ್ಸ್ ಒರೆಸುವ ಬಟ್ಟೆ, ಧೂಳು ಊದುವ ರಬ್ಬರ್ ಬುರುಡೆ. ಇಷ್ಟೇ.

ಹಂತ 5: ಯಾವುದು ಯಾವ ವಿಮಾನ

ಮಸ್ಕತ್‌ನಲ್ಲಿ ಹೆಚ್ಚು ಕಾಣುವುದು ಒಮಾನ್ ಏರ್ ಮತ್ತು ಸಲಾಂ ಏರ್. ಒಮಾನ್ ಏರ್ 1993ರಲ್ಲಿ ಶುರುವಾದದ್ದು. ಬೋಯಿಂಗ್ 737 ಮತ್ತು 787ಗಳನ್ನು ಹಾರಿಸುತ್ತದೆ, ಬಾಲದ ಮೇಲೆ ಲೋಬಾನದ ಹೊಗೆಯನ್ನು ನೆನಪಿಸುವ ಸುರುಳಿ. ಹಸಿರು ಬಣ್ಣದ ಸಲಾಂ ಏರ್ 2017ರ ಜನವರಿಯಲ್ಲಿ ಬಂದ ಕಡಿಮೆ ದರದ ಕಂಪನಿ. ಅದರದು ಏರ್‌ಬಸ್ ಎ320, ಎ321. 737 ಮತ್ತು ಎ320 ನಡುವೆ ಗೊಂದಲವಾದರೆ ಬಾಲದ ಬುಡ ನೋಡಿ. 737ರ ಬಾಲ ಮೈಗೆ ಸೇರುವಲ್ಲಿ ಒಂದು ಮುರಿದ ಕೋನವಿದೆ, ಏರ್‌ಬಸ್‌ನದು ನೇರ. 737 ಹಾರಿದ ಮೇಲೂ ಮಡಚಿದ ಮುಖ್ಯ ಚಕ್ರಗಳು ಹೊಟ್ಟೆಯಡಿ ದುಂಡಗೆ ಕಾಣುತ್ತವೆ. ಅವುಗಳಿಗೆ ಪೂರ್ತಿ ಮುಚ್ಚಳವಿಲ್ಲ. 787ರ ರೆಕ್ಕೆ ಹಾರುವಾಗ ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ, ಎಂಜಿನ್ನಿನ ಹಿಂದಿನ ಅಂಚು ಗರಗಸದ ಹಲ್ಲಿನ ಹಾಗಿದೆ.

ನೋಂದಣಿ ಅಕ್ಷರಗಳನ್ನೂ ಕಲಿಯಿರಿ. ಎ4ಒ ಒಮಾನ್, ವಿಟಿ ಭಾರತ, ಎ6 ಅಮೀರಾತ್, ಎ7 ಕತಾರ್, ಎ9ಸಿ ಬಹ್ರೈನ್, 9ಕೆ ಕುವೈತ್. ಮಂಗಳೂರಿನವರಿಗೆ ಚಿರಪರಿಚಿತವಾದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸನ್ನು ಬಿಡಬೇಡಿ. ಅದರ ಹಳೆಯ 737ಗಳ ಬಾಲದ ಎರಡು ಬದಿಗೆ ಎರಡು ಬೇರೆ ಚಿತ್ರಗಳಿರುತ್ತಿದ್ದವು, ವಿಮಾನದಿಂದ ವಿಮಾನಕ್ಕೂ ಅವು ಬದಲು. 2023ರಲ್ಲಿ ಬಣ್ಣ ಬದಲಾದ ಮೇಲೆ ಬಾಂಧನಿ, ಅಜ್ರಖ್, ಕಲಂಕಾರಿಯಂಥ ಬಟ್ಟೆಗಳ ವಿನ್ಯಾಸ ಬಾಲಕ್ಕೇರಿತು. ಒಂದೇ ಕಂಪನಿಯ ವಿಮಾನಗಳನ್ನು ಹತ್ತು ಸಲ ತೆಗೆದರೂ ಬೇಸರ ಬಾರದ ಸಂಗ್ರಹ ಇದು. ದೊಡ್ಡ ಅತಿಥಿಗಳ ಮೇಲೂ ಕಣ್ಣಿಡಿ. 2019ರಲ್ಲಿ ಎಮಿರೇಟ್ಸ್ ತನ್ನ ಎರಡಂತಸ್ತಿನ ಎ380ಯನ್ನು ದುಬೈನಿಂದ ಮಸ್ಕತ್‌ಗೆ, ಒಂದು ಗಂಟೆಯೂ ಹಿಡಿಯದ ಹಾರಾಟಕ್ಕೆ ಹಚ್ಚಿತ್ತು.

ಹಂತ 6: ಕ್ಯಾಮೆರಾ ಹೊಂದಿಸಿ

ಮೋಡ್ ಡಯಲನ್ನು ಶಟರ್ ಆದ್ಯತೆಗೆ ತಿರುಗಿಸಿ, ವೇಗವನ್ನು ಸೆಕೆಂಡಿನ 1/1000ಕ್ಕೆ ಇಡಿ. ಒಮಾನ್‌ನ ಬಿಸಿಲಿಗೆ ಐಎಸ್‌ಒ 100ರಿಂದ 200 ಸಾಕು, ಅಪರ್ಚರ್ ಎಫ್/7.1, ಎಫ್/8ರ ಸುತ್ತ ತಾನಾಗಿ ನಿಲ್ಲುತ್ತದೆ. ಹೆಚ್ಚಿನ ಲೆನ್ಸ್‌ಗಳು ಅತ್ಯಂತ ಚುರುಕಾಗಿರುವುದು ಅಲ್ಲೇ. ಫೋಕಸ್ ಚಲಿಸುವ ವಸ್ತುವನ್ನು ಹಿಂಬಾಲಿಸುವ ಬಗೆಯಲ್ಲಿರಲಿ, ಬಟನ್ ಒತ್ತಿ ಹಿಡಿದರೆ ಸಾಲಾಗಿ ಚಿತ್ರ ಬೀಳುವಂತಿರಲಿ. ಫೈಲ್ ರಾ ರೂಪದಲ್ಲಿರಲಿ. ಮುಂದೆ ತಿದ್ದುವಾಗ ಅದರ ಬೆಲೆ ತಿಳಿಯುತ್ತದೆ.

ಬಿಳಿ ವಿಮಾನ, ನಡುಹಗಲ ಬಿಸಿಲು, ನೀಲಿ ಬಾನು. ಈ ಮೂರು ಸೇರಿದಾಗ ಕ್ಯಾಮೆರಾದ ಲೆಕ್ಕ ತಪ್ಪುತ್ತದೆ. ವಿಮಾನದ ಬೆನ್ನು ಸುಣ್ಣ ಬಳಿದಂತೆ ಬೆಳ್ಳಗಾಗಿ, ಅಲ್ಲಿದ್ದ ರೇಖೆ, ಅಕ್ಷರಗಳೆಲ್ಲ ಮಾಯ. ಹಿಸ್ಟೊಗ್ರಾಮ್ ನೋಡಿ, ಬಲತುದಿಗೆ ಗುಡ್ಡೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಶರನ್ನು 1/3 ಅಥವಾ 2/3 ಸ್ಟಾಪ್ ಇಳಿಸಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳುಪನ್ನು ವಾಪಸು ತರಲಾಗದು. ಮೋಡದ ದಿನ ಇದಕ್ಕೆ ವಿರುದ್ಧ, ತುಸು ಏರಿಸಿ.

ಹಿಂಬಾಲಿಸುವ ಅಭ್ಯಾಸಕ್ಕೆ ವಿಮಾನವೇ ಬೇಕಿಲ್ಲ. ಚಳಿಗಾಲದಲ್ಲಿ ಕಡಲತೀರಕ್ಕೆ ಬರುವ ಕಡಲಕ್ಕಿಗಳು ಒಳ್ಳೆಯ ಗುರುಗಳು. ಅವುಗಳ ಕಣ್ಣಿಗೆ ಫೋಕಸ್ ನಿಂತರೆ 737 ಏನೂ ಅಲ್ಲ. ಕಾಲು ಅಗಲಿಸಿ ನಿಂತು, ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ಮೇಲಷ್ಟೇ ತಿರುಗಿ. ವಿಮಾನ ದೂರವಿರುವಾಗಲೇ ಚೌಕಟ್ಟಿಗೆ ತಂದುಕೊಳ್ಳಿ, ಎದುರಿಗೆ ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಸುತ್ತಲೂ ಸ್ವಲ್ಪ ಜಾಗ ಬಿಟ್ಟೇ ತೆಗೆಯಿರಿ. ಬಾಲದ ತುದಿ ಕತ್ತರಿಸಿಹೋದರೆ ಆ ಚಿತ್ರಕ್ಕೆ ಮುಕ್ತಿಯಿಲ್ಲ.

ಪ್ರೊಪೆಲ್ಲರ್ ವಿಮಾನಕ್ಕೆ ಈ ವೇಗ ಆಗದು. 1/1000ರಲ್ಲಿ ರೆಕ್ಕೆಪಂಖ ನಿಂತುಬಿಟ್ಟಂತೆ ಕಂಡು ವಿಮಾನ ಈಗಲೋ ಆಗಲೋ ಬೀಳುವ ಹಾಗಿರುತ್ತದೆ. ರಜೆಗೆ ಊರಿಗೆ ಹೋದಾಗ ಹುಬ್ಬಳ್ಳಿ, ಮೈಸೂರುಗಳ ಬಾನಿನಲ್ಲಿ ಎಟಿಆರ್ ಕಂಡರೆ 1/200ರ ಸುತ್ತ ಇಟ್ಟು ನೋಡಿ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾಕ್ಕೆ ರಜೆ ಹೊಂದಿಸಿಕೊಂಡರಂತೂ ಅಧಿಕೃತ ಟಿಕೆಟ್ ಕೈಯಲ್ಲಿ ಹಿಡಿದು, ಅನುಮತಿಯಿರುವ ಜಾಗದಿಂದ ನಿಶ್ಚಿಂತೆಯಾಗಿ ಅಭ್ಯಾಸ ಮಾಡಬಹುದು.

ಹಂತ 7: ಕಿಟಕಿ ಸೀಟಿನಿಂದ

ಊರಿಗೆ ಹೋಗಿಬರುವ ಸುಮಾರು ಮೂರು ಗಂಟೆಯ ಹಾರಾಟವನ್ನು ನಿದ್ದೆಯಲ್ಲಿ ಕಳೆಯುವುದು ಹವ್ಯಾಸಿಗೆ ತರವಲ್ಲ. ಮಸ್ಕತ್‌ನಲ್ಲಿ 26ರ ಕಡೆಗೆ ಇಳಿಯುವಾಗ ಎಡಗಿಟಕಿಯಲ್ಲಿ ನಗರ, ಬೆಟ್ಟ, ಬಲಕ್ಕೆ ಸಮುದ್ರ. 08 ಆದರೆ ಬೆಟ್ಟ ಬಲಕ್ಕೆ. ರೆಕ್ಕೆಗಿಂತ ಮುಂದಿನ ಸೀಟು ಹಿಡಿಯಿರಿ. ಹಿಂದೆ ಕೂತರೆ ಎಂಜಿನ್ನಿನ ಬಿಸಿ ಉಸಿರು ದೃಶ್ಯವನ್ನು ಕಲಕುತ್ತದೆ. ಲೆನ್ಸನ್ನು ಕಿಟಕಿಗೆ ತೀರ ಹತ್ತಿರ ತನ್ನಿ, ಆದರೆ ತಾಗಿಸಬೇಡಿ, ನಡುಕ ಬರುತ್ತದೆ. ಕಪ್ಪು ಶಾಲು ಅಡ್ಡ ಹಿಡಿದರೆ ಪ್ರತಿಬಿಂಬ ಹೋಗುತ್ತದೆ. ಪೋಲರೈಸರ್ ಫಿಲ್ಟರ್ ಇದ್ದರೆ ಕಳಚಿಡಿ, ಅದರ ಮೂಲಕ ಕಿಟಕಿಯ ಪ್ಲಾಸ್ಟಿಕ್ ಕಾಮನಬಿಲ್ಲಿನ ಪಟ್ಟೆಗಳನ್ನು ತೋರಿಸುತ್ತದೆ. ಸಿಬ್ಬಂದಿ ಬೇಡ ಎಂದರೆ ಬೇಡ. ಭಾರತದಲ್ಲಿ ಸೇನೆಯ ನೆಲೆಯಲ್ಲಿರುವ ನಿಲ್ದಾಣಗಳಲ್ಲಿ ಫೋಟೊ ತೆಗೆಯುವುದು ನಿಷಿದ್ಧ.

ಹಂತ 8: ಮನೆಗೆ ಬಂದು ಆರಿಸುವುದು

ಒಂದು ಸಂಜೆಗೆ ನೂರಾರು ಚಿತ್ರಗಳು ಬೀಳುತ್ತವೆ. ಎಲ್ಲವನ್ನೂ ತಿದ್ದಲು ಕೂರಬೇಡಿ. ಕಂಪ್ಯೂಟರಿನಲ್ಲಿ ಪ್ರತಿ ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಎರಡೇ ಜಾಗ ನೋಡಿ: ಕಾಕ್‌ಪಿಟ್ ಕಿಟಕಿಯ ಅಂಚು, ನೋಂದಣಿ ಅಕ್ಷರ. ಅವು ಕೊರೆದಂತಿದ್ದರೆ ಉಳಿಸಿ, ಇಲ್ಲದಿದ್ದರೆ ಅಳಿಸಿ. ಝಳ ಹಿಡಿದದ್ದನ್ನು ಸಾಫ್ಟ್‌ವೇರಿನಲ್ಲಿ ನೋಡಿಕೊಳ್ಳೋಣ ಎಂದು ಇಟ್ಟುಕೊಳ್ಳಬೇಡಿ. ಒಂದು ವಿಮಾನಕ್ಕೆ ಒಂದು ಚಿತ್ರ, ಹೆಚ್ಚೆಂದರೆ ಎರಡು.

ಹಂತ 9: ತಿದ್ದುವುದು, ಈ ಕ್ರಮದಲ್ಲೇ

ಲೈಟ್‌ರೂಮ್‌ಗೆ ಹಣ ಕೊಡಬೇಕು. ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಉಚಿತ, ಮೊಬೈಲಿಗೆ ಸ್ನ್ಯಾಪ್‌ಸೀಡ್ ಇದೆ. ಯಾವುದಾದರೂ ಸರಿ, ಕೆಲಸದ ಕ್ರಮ ಮುಖ್ಯ.

ಮೊದಲು ಓರೆಕೋರೆ. ಸಮುದ್ರದ ಗೆರೆ ಇದ್ದರೆ ಅದನ್ನು ಮಟ್ಟಕ್ಕೆ ತನ್ನಿ. ಕಟ್ಟಡ, ದೀಪದ ಕಂಬ ಇದ್ದರೆ ಚೌಕಟ್ಟಿನ ಮಧ್ಯದಲ್ಲಿರುವುದನ್ನು ನೆಟ್ಟಗೆ ಮಾಡಿ. ವಿಮಾನವನ್ನು ನೋಡಿ ಮಟ್ಟ ಮಾಡಬೇಡಿ, ಇಳಿಯುವಾಗ ಅದರ ಮೂತಿ ಮೇಲಕ್ಕೇ ಇರುತ್ತದೆ. ಆಮೇಲೆ ಕತ್ತರಿಸುವುದು. 3:2 ಅಥವಾ 16:9, ಮೂತಿಯ ಮುಂದೆ ಮತ್ತು ಬಾಲದ ಹಿಂದೆ ಹೆಚ್ಚುಕಡಿಮೆ ಸಮ ಜಾಗ. ಪತ್ರಿಕೆಯ ಮುಖಪುಟಕ್ಕೆ ಬೇರೆ ಲೆಕ್ಕ ಇರಬಹುದು. ದಾಖಲೆಯ ಚಿತ್ರಕ್ಕೆ ವಿಮಾನ ನಡುವೆ ಇರುವುದೇ ಚೆಂದ.

ಮೂರನೆಯದು ಬಣ್ಣದ ಸಮತೋಲ. ಮಸ್ಕತ್‌ನ ಧೂಳುಬಾನು ಚಿತ್ರವನ್ನು ಹಳದಿಗೆ ಎಳೆಯುತ್ತದೆ. ವಿಮಾನದ ಬಿಳಿ ಮೈಯನ್ನು ಅಳತೆಗೋಲು ಮಾಡಿಕೊಳ್ಳಿ, ಆದರೆ ಮುಂಜಾನೆ, ಸಂಜೆಯ ಬಂಗಾರವನ್ನು ಪೂರ್ತಿ ತೊಳೆದುಹಾಕಬೇಡಿ. ಹೊಟ್ಟೆಯ ಭಾಗ ತುಸು ಕಂದು ಬಣ್ಣಕ್ಕಿದ್ದರೆ ಗಾಬರಿಯಾಗಬೇಕಿಲ್ಲ. ಕೆಳಗಿನ ಮರಳು ಬೆಳಕನ್ನು ಮೇಲಕ್ಕೆ ಎರಚಿದ ಗುರುತು ಅದು. ಕಡಲ ಮೇಲೆ ಬರುವ ವಿಮಾನದ ಹೊಟ್ಟೆಗೆ ಆ ಬಣ್ಣವಿರುವುದಿಲ್ಲ. ಒಮಾನ್‌ನಲ್ಲಿ ತೆಗೆದದ್ದು ಒಮಾನ್‌ನದೇ ಎನ್ನಿಸುವುದು ಇಂಥ ಬೆಳಕಿನಿಂದ, ಅದನ್ನು ತಿದ್ದಿ ಫ್ರಾಂಕ್‌ಫರ್ಟ್ ಮಾಡುವುದೇಕೆ?

ನಂತರ ಬಿಳುಪನ್ನು ಸ್ವಲ್ಪ ಇಳಿಸಿ, ನೆರಳನ್ನು ಸ್ವಲ್ಪ ಎತ್ತಿ. ಎಂಜಿನ್ನಿನ ಒಳಗು, ಚಕ್ರದ ಗೂಡು ಕಾಣುವಷ್ಟು ಸಾಕು. ನೆರಳನ್ನು ಪೂರ್ತಿ ಎತ್ತಿದರೆ ವಿಮಾನ ಪ್ಲಾಸ್ಟಿಕ್ ಆಟಿಕೆಯಾಗುತ್ತದೆ, ಬಾನಿನಲ್ಲಿ ಕಾಳು ಕಾಳು ಏಳುತ್ತದೆ. ಮಬ್ಬು ತೆಗೆಯುವ ಡಿಹೇಝ್ ಪಟ್ಟಿ ಇಲ್ಲಿಯವರಿಗೆ ದೊಡ್ಡ ಪ್ರಲೋಭನೆ. ಅದನ್ನು ಜೋರಾಗಿ ಎಳೆದರೆ ವಿಮಾನದ ಸುತ್ತ ಬಿಳಿ ಪ್ರಭಾವಳಿ ಮೂಡುತ್ತದೆ. ದೇವರ ಪಟಕ್ಕೆ ಸರಿ, 737ಕ್ಕಲ್ಲ. ಹತ್ತರೊಳಗೆ ನಿಲ್ಲಿಸಿ.

ಐದನೆಯದು ಸೆನ್ಸರಿನ ಧೂಳು. ಮರಳುನಾಡಿನಲ್ಲಿ ಲೆನ್ಸ್ ಬದಲಿಸಿದವರ ಬಾನಿನಲ್ಲೆಲ್ಲ ಬೂದು ಚುಕ್ಕೆಗಳು. ಬರಿಗಣ್ಣಿಗೆ ಕಾಣದಿದ್ದರೆ ಲೈಟ್‌ರೂಮಿನಲ್ಲಿ ಚುಕ್ಕೆ ತೋರಿಸುವ ಆಯ್ಕೆ ಇದೆ. ಗಿಂಪ್‌ನಲ್ಲಾದರೆ ಚಿತ್ರದ ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಈಕ್ವಲೈಸ್ ಒತ್ತಿ; ಚುಕ್ಕೆಗಳು ಎದ್ದು ನಿಲ್ಲುತ್ತವೆ. ಅವನ್ನು ಅಳಿಸುವುದು ನ್ಯಾಯ. ಅಡ್ಡ ಬಂದ ಹಕ್ಕಿಯನ್ನು ಅಳಿಸುವುದು ಅವರವರ ಇಷ್ಟ, ನಾನಾದರೆ ಬಿಡುತ್ತೇನೆ. ನೋಂದಣಿ ಅಕ್ಷರ ಬದಲಿಸುವುದು, ಬೇರೆ ದಿನದ ಚಂದ್ರನನ್ನು ತಂದು ಅಂಟಿಸುವುದು ಈ ಹವ್ಯಾಸದಲ್ಲಿ ಮೋಸ.

ಚುರುಕುಗೊಳಿಸುವುದು ಕಟ್ಟಕಡೆಗೆ, ಚಿತ್ರವನ್ನು ಬೇಕಾದ ಗಾತ್ರಕ್ಕೆ ಇಳಿಸಿದ ಮೇಲೆ. ಮೈಮೇಲಿನ ಗೆರೆಗಳು, ರೆಕ್ಕೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅತಿಯಾಗಿದೆ ಎಂದರ್ಥ, ಅರ್ಧಕ್ಕೆ ಇಳಿಸಿ. ಬಾನಿಗೆ ಚುರುಕು ಬೇಕಿಲ್ಲ, ಅಲ್ಲಿ ಮಾಸ್ಕ್ ಹಾಕಿ ತಡೆಯಿರಿ. ರಾತ್ರಿ ಮುಗಿಸಿದ ಚಿತ್ರವನ್ನು ಬೆಳಿಗ್ಗೆ ಇನ್ನೊಮ್ಮೆ ನೋಡಿಯೇ ಹೊರಗೆ ಕಳಿಸಿ, ದಣಿದ ಕಣ್ಣಿಗೆ ಬಣ್ಣ ಯಾವಾಗಲೂ ಕಡಿಮೆಯೆನಿಸುತ್ತದೆ.

ಹಂತ 10: ಹೆಸರಿಟ್ಟು ಉಳಿಸಿ

ಕಡತದ ಹೆಸರು ಹೀಗಿರಲಿ: ದಿನಾಂಕ, ನಿಲ್ದಾಣ, ಕಂಪನಿ, ಮಾದರಿ, ನೋಂದಣಿ. ವಿಮಾನಗಳು ಮಾರಾಟವಾಗುತ್ತವೆ, ಬಣ್ಣ ಬದಲಿಸುತ್ತವೆ, ಗುಜರಿಗೆ ಹೋಗುತ್ತವೆ. ಒಮಾನ್ ಏರ್‌ನ ಏರ್‌ಬಸ್ ಎ330ಗಳು ವರ್ಷಗಳ ಕಾಲ ಇಲ್ಲಿ ಮಾಮೂಲು ನೋಟವಾಗಿದ್ದವು. 2024ರಲ್ಲಿ ಕಂಪನಿ ಅವನ್ನು ಕೈಬಿಟ್ಟಿತು. ಅವುಗಳನ್ನು ತೆಗೆದಿಟ್ಟವರು ನೋಂದಣಿಯನ್ನೂ ಬರೆದಿಟ್ಟಿದ್ದರೆ ಆ ಚಿತ್ರಕ್ಕೆ ಈಗ ಬೆಲೆ. ಮೂಲ ರಾ ಫೈಲನ್ನು ಎಂದೂ ಅಳಿಸಬೇಡಿ, ಎರಡು ಬೇರೆ ಡಿಸ್ಕ್‌ಗಳಲ್ಲಿಡಿ. ಒಂದು ಮಸ್ಕತ್‌ನಲ್ಲಿ, ಇನ್ನೊಂದು ಊರಿನ ಮನೆಯ ಕಪಾಟಿನಲ್ಲಿ. ಹಂಚಿಕೊಳ್ಳುವ ಪ್ರತಿಯಿಂದ ನೀವು ನಿಂತ ಜಾಗದ ಜಿಪಿಎಸ್ ಗುರುತನ್ನು ತೆಗೆದುಹಾಕಿ.

ಮುಂದಿನ ಮುಂಗಾರಿಗೆ ಸಲಾಲಾಕ್ಕೆ ಹೋಗುವ ಯೋಜನೆಯಿದ್ದರೆ ಹಂತ 6ರ ಅಂಕಿಗಳನ್ನು ಸ್ವಲ್ಪ ಬದಲಿಸಿಕೊಳ್ಳಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಖರೀಫ್‌ನಲ್ಲಿ ಅಲ್ಲಿ ಮಡಿಕೇರಿಯಂಥ ಜಡಿ, ಮಂಜು. ಐಎಸ್‌ಒ 800ಕ್ಕೆ ಏರಿಸಿ, ಎಕ್ಸ್‌ಪೋಶರ್ 2/3 ಹೆಚ್ಚಿಸಿ, ಕ್ಯಾಮೆರಾಕ್ಕೊಂದು ಮಳೆಚೀಲ ಹೊಲಿಸಿಕೊಳ್ಳಿ.